ರೂಪ ಓಡಿಸುವ ಗಾಡಿ

ಕೊಳ್ಳೇಗಾಲ
೧೫-೭-೨೦೨೪, ಸೋಮವಾರ

ಪ್ರೀತಿಯ ತಮ್ಮ ನಟರಾಜುವಿಗೆ,

ತಿರುಪ್ಪೂರಿನ ನೀರು ಒಗ್ಗಿತೇ? ಬೆನ್ನುನೋವು ಹೇಗಿದೆ? ಮಿಲ್ಲಿನಲ್ಲಿ ಹತ್ತಿಯ ಧೂಳು ಹೆಚ್ಚೆಂದು ಕೇಳಿದ್ದೇನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ನಾನು ಆರೋಗ್ಯವಾಗಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲವಾದ್ದರಿಂದ ಈ ಕಾಗದವನ್ನು ತಿರುಪ್ಪೂರಿಗೆ ಹೊರಟಿರುವ ನಮ್ಮೂರ ಮಾದೇಶನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ವಿಷಯಗಳನ್ನು ಮೊದಲು ಕ್ರಮವಾಗಿ ಬರೆಯುತ್ತೇನೆ.

೧. ಯಳಂದೂರಿನ ಮೇಲಿನ ಕಾಫಿ ತೋಟದಿಂದ ನೀನು ತಂದ ಹಳೆಯ ನಾಲ್ಕು ಗಾಲಿ ಬೈಕು ಸುಮ್ಮನೆ ನಿಂತಿದೆ, ಮಾರಿಬಿಡು ಎಂದು ನೀನು ಹೇಳಿ ಕಳುಹಿಸಿದ್ದು ತಲುಪಿತು.
೨. ಒಡೆಯರಪಾಳ್ಯದ ಕಡೆಯವರೊಬ್ಬರು ಕೊಳ್ಳಲು ಸಿದ್ಧರಿದ್ದಾರೆ.
೩. ಗಾಡಿ ಸುಮ್ಮನೆ ನಿಂತಿಲ್ಲ. ನಿನ್ನ ಹೆಂಡತಿ ರೂಪ ಅದನ್ನು ಓಡಿಸುತ್ತಿದ್ದಾಳೆ.
೪. ಕಾರ್ಬೋರೇಟರ್ ಸೋರುತ್ತಿತ್ತು. ಸರಿಪಡಿಸಿದ್ದೇನೆ.

ಮಾರುವ ಮೊದಲು ಗಾಡಿಯನ್ನು ಒಮ್ಮೆ ನೋಡಿಬಿಡೋಣವೆಂದು ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಊರಿಗೆ, ಹೂಗ್ಯಂಗೆ ಹೋದೆ. ಗಾಡಿಯ ಹಿಂಬದಿಗೆ ಹಾಲಿನ ಕ್ಯಾನುಗಳನ್ನು ಕಟ್ಟಲಾಗಿತ್ತು. ಕೆಳಗಿನ ಮಣ್ಣು ಪೆಟ್ರೋಲ್ ಕುಡಿದು ಕಪ್ಪಾಗಿತ್ತು. ನಮ್ಮ ಮನೆಯ ರೂಢಿ ನಿನಗೆ ತಿಳಿದದ್ದೇ: ತಮ್ಮನ ಹೆಂಡತಿ ಭಾವನೊಡನೆ ನೇರವಾಗಿ ಮಾತನಾಡುವುದಿಲ್ಲ, ಭಾವನೂ ಮಾತನಾಡಿಸುವುದಿಲ್ಲ. ಆದ್ದರಿಂದ ರೂಪ ಬಾಗಿಲ ಹಿಂದೆ ನಿಂತು, ಜಗಲಿಯ ಮೇಲಿದ್ದ ನಮ್ಮ ಸೋದರತ್ತೆ ಚಿಕ್ಕಮಾದಮ್ಮನಿಗೆ, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಅತ್ತೆ, ಬಾವಾರ್ಗೆ ಯೋಳಿ, ಈ ಗಾಡಿ ಪೆಟ್ರೋಲ್ ಕುಡಿಯೋದ್ಕಿಂತ ಉಗಿಯೋದೇ ಜಾಸ್ತಿ ಅಂತ.” “ಯಾವಾಗಿನಿಂದ ಎಂದು ಕೇಳಿ ಅತ್ತೆ” ಎಂದೆ. ಅತ್ತೆಗೆ ರೇಗಿತು. “ನಾನೇನ್ ಪೋಸ್ಟಾಪೀಸಾ? ಅವ್ಳು ಅಲ್ಲೇ ಅವ್ಳೆ, ನೀನು ಇಲ್ಲೇ ಇದ್ದೀಯೆ. ನಡುವೆ ನನ್ ಗಂಟ್ಲು ಯಾಕ್ಲಾ ಅರೀಬೇಕು?”

ಕಾರ್ಬೋರೇಟರನ್ನು ಬಿಚ್ಚಿ ಕೊಳ್ಳೇಗಾಲದ ಮನೆಗೆ ತಂದೆ. ಅದರ ಬಟ್ಟಲಿನಲ್ಲಿ ಪೆಟ್ರೋಲ್ ತುಂಬಿದಾಗ ಒಳಗೆ ತೇಲುವ ಫ್ಲೋಟು ಮೇಲೆದ್ದು, ಒಂದು ಸಣ್ಣ ಸೂಜಿಯನ್ನು ಒತ್ತಿ ದಾರಿಯನ್ನು ಮುಚ್ಚಬೇಕು. ಸೂಜಿಯ ತುದಿ ಸವೆದಿರಲಿಲ್ಲ. ಅದು ಕೂರುವ ಜಾಗದಲ್ಲಿ ಏನೋ ಬಿಳಿಯದು ಅಂಟಿತ್ತು. ನೀರಿನಲ್ಲಿ ಉಜ್ಜಿ ನೋಡಿದೆ, ನೊರೆ ಬಂತು. ಬಟ್ಟೆ ಸೋಪು. ಒಂದು ಸಂಜೆಗೆ ಮುಗಿಯುವ ಕೆಲಸವನ್ನು ನಾನು ವಾರವಿಡೀ ಮಾಡಿದೆ. ನಿನ್ನ ಅತ್ತಿಗೆ ತೀರಿಕೊಂಡ ಮೇಲೆ, ತರಬೇತಿ ಕೇಂದ್ರದ ಕೆಲಸದಿಂದ ಹಿಂದಿರುಗಿ ಬೀಗ ತೆಗೆದಾಗ ಮೇಜಿನ ಮೇಲೆ ನನಗಾಗಿ ಏನಾದರೂ ಕಾದಿದ್ದುದು ಆ ವಾರವೇ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ತೊಳೆದು, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು, ಮರುದಿನ ಮತ್ತೆ ತೊಳೆಯುತ್ತಿದ್ದೆ.

ನಿನ್ನೆ ಹೋಗಿ ಜೋಡಿಸಿದೆ. ಸೋಪು ಹೇಗೆ ಬಂತೆಂದು ಅತ್ತೆಯ ಮೂಲಕವೇ ಕೇಳಿದೆ. “ಪೈಪ್ ಸಂದೀಲಿ ಸೋರ್ತಿತ್ತು, ಸೋಪ್ ಮೆತ್ತಿ ಮತ್ತೆ ಪೈಪ್ ತುರುಕ್ದೆ. ಟ್ಯಾಂಕ್ ತೂತಾದ್ರೆ ಎಲ್ರೂ ಅದ್ನೇ ಅಲ್ವಾ ಮಾಡೋದು?” ಎಂದು ಬಾಗಿಲ ಹಿಂದಿನಿಂದ ಉತ್ತರ ಬಂತು. ಟ್ಯಾಂಕಿನ ಹೊರಮೈಗೆ ಅದು ಸರಿ; ಪೈಪಿನೊಳಗಾದರೆ ಪೆಟ್ರೋಲಿನೊಡನೆ ಹರಿದು ಸೂಜಿಯ ಬಳಿ ಕೂರುತ್ತದೆ. ಪೈಪನ್ನೂ ಬದಲಾಯಿಸಿದೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅತ್ತೆ ಕೆಂಡದ ಧೂಪಾರತಿ ಹಿಡಿದು ಒಳಗಿನಿಂದ ಬಂದವರೇ, “ಗಾಡಿಗೂ ಮಾದಪ್ಪನ್ ದೂಪ ಬೀಳ್ಲಿ, ಇನ್ಮೇಲೆ ಕೆಡ್ಬಾರ್ದು” ಎನ್ನುತ್ತ ಗಾಡಿಯ ಮೇಲೆ ಬಗ್ಗಿದರು. ನಾನು ಬಸಿದಿಟ್ಟ ಪೆಟ್ರೋಲ್ ತಟ್ಟೆ ಅವರ ಕಾಲ ಬಳಿಯೇ ಇತ್ತು. “ರೂಪಾ, ಅತ್ತೇನ ಹಿಡ್ಕೊ!” ಎಂದು ನಾನು ಕೂಗಿದೆ. ಅವಳು ಓಡಿಬಂದು ಅತ್ತೆಯನ್ನು ಕೆಂಡಸಮೇತ ಅಂಗಳಕ್ಕೆ ಎಳೆದೊಯ್ದಳು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮಾತ್ರ, “ದೇವ್ರ್ ದೂಪಕ್ಕೂ ಎದ್ರೋ ಗಾಡಿ, ಇದ್ಯಾವ್ ಸೀಮೆ ಗಾಡಿ ಕಣ್ಲಾ!” ಎಂದು ಬಹಳ ಹೊತ್ತು ಬೈದರು.

ರೂಪ ಮತ್ತೆ ಬಾಗಿಲ ಹಿಂದೆ ಹೋಗಲಿಲ್ಲ. ನನ್ನೆದುರು ನಿಂತು ಕೇಳಿದಳು: “ಬಾವ, ಗಾಡಿ ಮಾರ್ಬುಟ್ರೆ ನಾನು ಆಲ ಎಂಗ್ ತಕಂಡೋಗ್ಲಿ? ಅಳ್ಳದ್ ಕಲ್ಲಲ್ಲಿ ಸ್ಕೂಟ್ರು ಓಗಾಕಿಲ್ಲ. ತಲೆ ಮ್ಯಾಲ್ ಒತ್ಕೊಂಡು ಓದ್ರೆ ಅಷ್ಟೊತ್ಗೆ ಡೇರಿ ಬಾಗ್ಲಾಕಿರ್ತಾರೆ. ಅಸೀನೂ ಮಾರ್ಬುಡ್ಲಾ?” ಹಸುಗಳನ್ನು ಮಾರಿದರೆ ಅವಳಿಗೆ ಆ ಮನೆಯಲ್ಲಿ ಉಳಿಯುವುದು ಏನೆಂದು ನಾನು ಕೇಳಲಿಲ್ಲ. ಅವಳು ನಿನ್ನ ಹೆಸರನ್ನು ಎತ್ತಲಿಲ್ಲ. ಹನೂರಿನ ಬಸ್ಸು ಬಂತು, ಹೊರಟುಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಪ್ರಭುಸ್ವಾಮಿ

ಮತ್ತೆ: ಮಾದೇಶ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಒಡೆಯರಪಾಳ್ಯದವರಿಗೆ ಗಾಡಿ ಕೊಡುವುದಿಲ್ಲವೆಂದು ಇಂದು ಬೆಳಿಗ್ಗೆ ತಿಳಿಸಿದೆ. ಗಾಡಿಯ ಕೀಯನ್ನು ನಿನ್ನೆ ಹೊರಡುವಾಗಲೇ ರೂಪಳ ಕೈಗೆ ಕೊಟ್ಟಿದ್ದೇನೆ. ಕೊಡುವಾಗ ‘ನಟರಾಜು ಬರುವವರೆಗೆ ಮಾತ್ರ’ ಎಂದು ಹೇಳಲಿಲ್ಲ.