ಜುಲೈ ಅಲ್ಲ, ಮೇ

ಹಾಲ್ವರ್,

ಸೇಬಿನ ಗಿಡ ಸವರಲು ಮೇಲಿನ ತೋಟಕ್ಕೆ ಹೋಗಿದ್ದೇನೆ. ಮೀನಿನ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು.

ಹತ್ತು ಗಂಟೆಗೆ ಓಸ್ಲೋದಿಂದ ಮಾರಿಟ್ ಫೋನ್ ಮಾಡುತ್ತಾಳೆ. ನಮ್ಮಲ್ಲಿ ಉಳಿದು, ಬೆಟ್ಟಗಳ ನಡುವೆ ಒಳಚಾಚಿದ ಈ ಕಡಲ ತೋಳು, ನಮ್ಮ ಫಿಯೋರ್ಡ್ ನೋಡಲು ಯಾವ ಕಾಲ ಒಳ್ಳೆಯದೆಂದು ನಿನ್ನೆ ಕೇಳಿದಳು. ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಜುಲೈ ಎಂದುಬಿಡಬೇಡ ಮಹರಾಯ! ಅವಳು ಬರುತ್ತಿರುವುದು ತಾಯಿ ಬೊರ್ಗಿಲ್ಡ್ ಅವರಿಗಾಗಿ. ಅವರು ಹುಟ್ಟಿದ್ದು ಆಚೆ ದಡದಲ್ಲಿ, ಜಲಪಾತದ ಕೆಳಗಿನ ಮನೆಯಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಊರು ಬಿಟ್ಟವರು ಮತ್ತೆ ಬಂದಿಲ್ಲ. ಈಗ ಎರಡೂ ಕಣ್ಣು ಹೋಗಿವೆ.

"ಅಮ್ಮಂಗೆ ಏನೂ ಕಾಣ್ಸಲ್ಲ. ಯಾವಾಗ ಬಂದ್ರೂ ಒಂದೇ ಅಲ್ವಾ?" ಅಂದಳು ಮಾರಿಟ್.

"ಒಂದೇ ಅಲ್ಲಮ್ಮ. ಹೂ ಬಿಡೋ ದಿನ ನೋಡ್ಕೊಂಡು ನಾಳೆ ಹೇಳ್ತೀವಿ" ಅಂದೆ.

ನೋಡಿದ್ದಾಯಿತು. ಮೇ ಹದಿನೇಳರ ರಾಷ್ಟ್ರೀಯ ದಿನದ ಮೆರವಣಿಗೆ ಮುಗಿದ ಮರುದಿನವೇ ಬರಲಿ. ಆಗ ಸೇಬಿನ ಹೂವಿನ ಪರಿಮಳ ದೋಣಿಯವರೆಗೂ ಬರುತ್ತದೆ. ಬೆಟ್ಟದ ಹಿಮ ಕರಗಿ ಜಲಪಾತ ಮೈದುಂಬಿ ಭೋರ್ಗರೆಯುತ್ತಿರುತ್ತದೆ. ಜುಲೈ ಹೊತ್ತಿಗೆ ಅದು ಸೊರಗಿಬಿಡುತ್ತದೆ, ಪ್ರವಾಸಿ ಹಡಗುಗಳ ಗದ್ದಲದಲ್ಲಿ ಅದರ ಸದ್ದೇ ಕೇಳಿಸುವುದಿಲ್ಲ.

ಆ ವಾರ ನೀನು ಗೆಳೆಯರ ಜೊತೆ ಮೀನು ಹಿಡಿಯಲು ಹೊರಟಿದ್ದೀಯ, ಗೊತ್ತು. ಮುಂದಕ್ಕೆ ಹಾಕು. ಮುಖ ಊದಿಸಿಕೊಳ್ಳಬೇಡ, ನಮ್ಮ ದೋಣಿಯನ್ನು ನಿನ್ನಷ್ಟು ಮೆಲ್ಲಗೆ ನಡೆಸುವವರು ಇನ್ಯಾರಿದ್ದಾರೆ?

ಆಚೆ ದಡ ಹತ್ತಿರವಾದಾಗ ಎಂಜಿನ್ ಆರಿಸು. ಎಲ್ಲಿಗೆ ಬಂದೆವೆಂದು ನೀನೂ ಹೇಳಬೇಡ, ಮಾರಿಟ್‌ಳನ್ನೂ ಹೇಳಲು ಬಿಡಬೇಡ. ಬೊರ್ಗಿಲ್ಡ್ ಅವರೇ ನಮಗೆ ಹೇಳುತ್ತಾರೆ.

ಅಕ್ಕ