ಕತ್ತರಿ ಬೀಳದ ಡಿಸ್ಕು

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಕಾವಿಗೆ ಕಣ್ಣುರಿ ಅಂದಿದ್ದಿರಿ, ಕಡಿಮೆಯಾಯಿತೇ? ಇಲ್ಲಿ ಅಮ್ಮ, ಮಗಳು ಇಬ್ಬರೂ ಚೆನ್ನಾಗಿದ್ದೇವೆ. ನಾನು ಮಾತ್ರ ನಿಮ್ಮ ತಮ್ಮನ ಸ್ಟುಡಿಯೋದಲ್ಲಿ ಜಗಳವಾಡಿ ಬಂದಿದ್ದೇನೆ. ಅವನು ದೂರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಶಾಲೆಯ ನಾಟಕದಲ್ಲಿ ನಮ್ಮ ಗುಬ್ಬಿ ರಾಣಿಯಾಗಿದ್ದಳಲ್ಲ, ಅದನ್ನು ಕ್ಯಾಮೆರಾದಲ್ಲಿ ಹಿಡಿದವನು ಅವನೇ. ನಾಟಕ ಎರಡು ಗಂಟೆಯದು. ನಿಮ್ಮ ಕ್ಯಾಬಿನ್ನಿನ ಹಳೆಯ ಪ್ಲೇಯರಿನಲ್ಲಿ ಸಿಡಿ ಮಾತ್ರ ಓಡುತ್ತದೆ, ಒಂದು ಸಿಡಿಗೆ ಗಂಟೆಯ ಮೇಲೆ ಸ್ವಲ್ಪ ಹಿಡಿದರೆ ಹೆಚ್ಚು. ಅಲ್ಲಲ್ಲಿ ಕತ್ತರಿಸುತ್ತೇನೆ ಅಂದ, ನಾನೂ ಹೂಂ ಅಂದೆ. ಹೋಗಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ಮಹಾರಾಯ, ಹೆಡ್‌ಮಾಸ್ಟರ ಭಾಷಣವನ್ನು ಇಡಿಯಾಗಿ ಉಳಿಸಿಕೊಂಡು, ನಮ್ಮವಳು ತೊದಲಿದ ಕಡೆಯೆಲ್ಲ ಕತ್ತರಿ ಆಡಿಸಿದ್ದ. ಪರದೆಯ ಮೇಲೆ ಗುಬ್ಬಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಗುಬ್ಬಿ ತಲೆ ತಗ್ಗಿಸಿದಳು. "ಡಿಸ್ಕಲ್ಲಿ ಜಾಗ ಇಲ್ಲ ಅತ್ತಿಗೆ, ನಾನೇನ್ ಮಾಡ್ಲಿ?" ಅಂದ.

ಜಾಗ ಇರುವುದು ಯಾವುದರಲ್ಲಿ, ತೋರಿಸು ಎಂದು ಸ್ಟೂಲ್ ಎಳೆದುಕೊಂಡು ಕೂತೆ. ಮೂರು ಡಿಸ್ಕು ತಂದಿಟ್ಟ. ಮೂರೂ ಒಂದೇ ಅಗಲ. ಆದರೆ ಸಿಡಿಗೆ ಏಳುನೂರು ಎಂಬಿ, ಡಿವಿಡಿಗೆ ಅದರ ಹೆಚ್ಚುಕಡಿಮೆ ಏಳು ಪಟ್ಟು, ಬ್ಲೂ-ರೇ ಒಂದಕ್ಕೆ ಐದು ಡಿವಿಡಿಯ ಸರಕು. ಡಿಸ್ಕಿನೊಳಗೆ ಕೊರೆದ ಗುರುತು ಸಣ್ಣದಾದಷ್ಟೂ ಹೆಚ್ಚು ಹಿಡಿಯುತ್ತದಂತೆ, ಒಂದೇ ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಹಾಗೆ. ಇಷ್ಟೆಲ್ಲ ಗೊತ್ತಿದ್ದೂ ಇವನಿಗೆ ಮಗುವಿನ ಮಾತೇ ಉದ್ದವಾಯಿತೇ? ನಾಟಕದ ನಡುಭಾಗವೆಲ್ಲ ಅವಳದೇ, ಎರಡು ಸಿಡಿ ಮಾಡಿದರೆ ಸರಿಯಾಗಿ ಅವಳ ಮಾತಿನ ನಡುವೆಯೇ ಕಡಿಯುತ್ತದೆ, ಅದೂ ಬೇಡವೆಂದೆ. ಅವಳ ಒಂದು ಉಸಿರನ್ನೂ ಮುಟ್ಟದೆ ಡಿವಿಡಿಗೆ ಹಾಕು ಎಂದು ಎದುರಿಗೇ ಕೂತು ಮಾಡಿಸಿದೆ. "ಅಣ್ಣನ ಪ್ಲೇಯರಲ್ಲಿ ಇದು ಓಡಲ್ಲ" ಎಂದು ಗೊಣಗಿದ. ಓಡದಿದ್ದರೆ ನಿಮ್ಮಣ್ಣ ಹಡಗಿನ ಅಡುಗೆಯವರ ಲ್ಯಾಪ್‌ಟಾಪ್ ಕೇಳಿಕೊಳ್ಳಲಿ ಅಂದೆ. ನೀವು ಕೇಳಿಕೊಳ್ಳಲೇಬೇಕು, ನಾನು ಸೋಲುವವಳಲ್ಲ.

ಕಣ್ಣಿಗೆ ತಣ್ಣೀರು ಹಾಕಿಕೊಳ್ಳಿ. ಗುಬ್ಬಿ ಮುತ್ತು ಕಳಿಸಿದ್ದಾಳೆ. ನನ್ನದು ಸಿಟ್ಟಿಳಿದ ಮೇಲೆ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ತಮ್ಮನಿಗೆ ಬೈದು ನಿಮ್ಮನ್ನು ಬಿಟ್ಟರೆ ನ್ಯಾಯವಲ್ಲ. ಫೋನಿನಲ್ಲಿ ಅವಳು ತಡವರಿಸಿದ ಕೂಡಲೇ ಉಳಿದದ್ದನ್ನು ನೀವೇ ಹೇಳಿ ಮುಗಿಸುತ್ತೀರಿ. ಪ್ರೀತಿಯಿಂದಲೇ, ನನಗೆ ಗೊತ್ತು. ಆದರೆ ಈಚೆಗೆ ನಿಮ್ಮ ಫೋನ್ ಬಂದರೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಂದಿನ ಸಲ ಸುಮ್ಮನೆ ಕಾಯಿರಿ. ಎಷ್ಟು ಹೊತ್ತಾದರೂ ಸರಿ, 'ಅಪ್ಪಾ' ಅನ್ನುವುದನ್ನು ಅವಳೇ ಪೂರ್ತಿ ಹೇಳಲಿ.