ಏಳನೇ ಹಂತ ದಾಟಿದ ಅಮ್ಮ

ಮಾರ್ಚ್ ೧೪, ಶುಕ್ರವಾರ

ಮೂರು ದಿನದಿಂದ ಅದೇ ಕೆಂಪು ದೀಪ, ಅದೇ ಕಪ್ಪು ಪರದೆ. ಚಿಕ್ಕಂದಿನ ವಿಡಿಯೋ ಗೇಮ್‌ಗಳನ್ನೆಲ್ಲ ಈ ಅಂಗೈಯಗಲದ ಕಂಪ್ಯೂಟರಿಗೆ ತುಂಬಲು ಹೋಗಿ, ಮೆಮೊರಿ ಕಾರ್ಡನ್ನು ನಾಲ್ಕು ಸಲ ಅಳಿಸಿ ಬರೆದೆ. ಇವತ್ತು ಹೊಲಿಗೆ ಮಷೀನಿನ ಮುಂದಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದಳು:

"ಕರೆಂಟ್ ಸಾಲದಿದ್ರೆ ನನ್ನ ಮೋಟಾರೂ ಹೀಗೇ ಮೊಂಡು ಹಿಡಿಯುತ್ತೆ. ಆ ಫೋನ್ ಚಾರ್ಜರ್ ತೆಗೆದು ದಪ್ಪ ವೈರಿಂದು ಹಾಕು."

ಹಾಕಿದೆ. ಪರದೆ ಬೆಳಗಿತು!

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಕೈಯಿಂದ ಜಾಯ್‌ಸ್ಟಿಕ್ ಕಸಿದುಕೊಂಡವಳೇ, ನಾನು ಎಂದೂ ದಾಟದ ಏಳನೇ ಹಂತವನ್ನು ನೀರು ಕುಡಿದಷ್ಟು ಸುಲಭವಾಗಿ ದಾಟಿಬಿಟ್ಟಳು.

"ಯಾವಾಗಮ್ಮಾ ಕಲಿತೆ?"

"ನೀನು ಸ್ಕೂಲಿಗೆ ಹೋದ್ಮೇಲೆ ಮನೇಲಿ ನನಗೆ ಇನ್ಯಾರಿದ್ರು?"

ಆಗೆಲ್ಲ ಸಂಜೆ ನಾನು ಸ್ಕೂಲಿನಿಂದ ಬರುವಾಗ ಟಿವಿ ಪಕ್ಕದ ಆ ಹಳೇ ಗೇಮ್ ಪೆಟ್ಟಿಗೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಕಿಟಕಿಯ ಬಿಸಿಲಿಗೆ ಇರಬೇಕು ಅಂದುಕೊಂಡಿದ್ದೆ...